ಮಂಟಪ ಮುಳುಗಿದ ರಾತ್ರಿ

ಈ ಬೀದಿಯಲ್ಲಿ ಕೆಲಸಕ್ಕೆ ಹೋಗುವವಳು ನಾನೊಬ್ಬಳೇ.
ಅದೂ ದೂರವೇನಲ್ಲ. ಆರೂಕಾಲಿಗೆ ಮಹಡಿ ಇಳಿದರೆ
ಮೊದಲ ರಕ್ತ ಕೆಳಗಿನ ಮನೆಯಲ್ಲೇ.
ಐಸ್ ಡಬ್ಬಿ, ಹತ್ತಿ, ರಬ್ಬರು ಪಟ್ಟಿ.
ನಲವತ್ತೆರಡು ದಾಟಿದರೂ ಇಲ್ಲಿ ನನ್ನ ಹೆಸರು
ಸೂಜಿ ಹುಡುಗಿ.

ಹೊಳೆ ಕಾಣುವ ಸೈಟೇ ಬೇಕೆಂದು
ಗ್ರಾಚ್ಯುಟಿ ದುಡ್ಡಲ್ಲಿ ಕಟ್ಟಿಸಿಕೊಂಡ ಮನೆಗಳು.
ಗೇಟಿನ ಪಕ್ಕ ಹೆಸರು, ಹೆಸರಿನ ಕೆಳಗೆ
ಬಿಟ್ಟುಬಂದ ಹುದ್ದೆ, ಕಂಸದಲ್ಲಿ ಒಂದು 'ನಿ.'
ಆಟೋದವರ ಬಾಯಲ್ಲಿ ಇದು ಪೆನ್ಷನ್ ಪೇಟೆ.
ಹಾರ್ನ್ ಹಾಕಿದರೆ ನಾಲ್ಕು ಬಾಗಿಲು ತೆರೆಯುತ್ತವೆ,
ಬೈಯುವುದಕ್ಕಲ್ಲ,
ಯಾರಾದರೂ ಬಂದರೇನೋ ಎಂದು.

ನನಗೆ ಇವರ ಮುಖಕ್ಕಿಂತ ಮೊಣಕೈಯ ಒಳಮೈ ಗೊತ್ತು.
ಫಿಲೋಮಿನಾ ಟೀಚರ ನರ ಮೊದಲ ಚುಚ್ಚಿಗೇ ಸಿಗುತ್ತದೆ
ಹೆಸರು ಕೂಗಿದೊಡನೆ ಎದ್ದು ನಿಲ್ಲುವ ಮಗುವಿನ ಹಾಗೆ.
ಹುಚ್ಚರಾಯಪ್ಪನವರದು ಜಾರುತ್ತದೆ:
ಮೂವತ್ತೊಂದು ವರ್ಷ ಆಗುಂಬೆಯ ತಿರುವಿಳಿಸಿದ ಕೈ,
ಮುಷ್ಟಿ ಕಟ್ಟಿ ಅಂದರೆ ಸ್ಟೇರಿಂಗೇ ಹಿಡಿಯುತ್ತದೆ.
ಲೈನ್‌ಮನ್ ವಾಜಿದ್ ಸಾಬರು, ಕಂಬದ ಮೇಲೆ ಸತ್ತು ಬದುಕಿದವರು,
ಸೂಜಿ ಕಂಡರೆ ಕಣ್ಣು ಮುಚ್ಚುತ್ತಾರೆ.

ದುರ್ಗಯ್ಯ ಖಾರ್ವಿ ಬಂದರು ಇಲಾಖೆಯವರು.
ಉಪ್ಪು ಗಾಳಿಗೆ ಕಿಟಕಿ ಸರಳೂ ಉಳಿಯೋದಿಲ್ಲ, ಕೀಲು ಉಳೀತದಾ
ಎನ್ನುತ್ತ ಘಟ್ಟ ಹತ್ತಿ ಬಂದು ಆರು ವರ್ಷ.
ಇಂದಿಗೂ ಡೈರಿಯಲ್ಲಿ ದಿನಕ್ಕೆರಡು ಸಲ ಬರೆಯುತ್ತಾರೆ,
ತುಂಗೆಯ ಉಬ್ಬರ, ಇಳಿತ.
ಹೊಳೆಗೆಂಥ ಉಬ್ಬರ ಮಾರಾಯ್ರೆ, ಎಂದು ನಕ್ಕವರಿಗೆ
ಗಾಜನೂರಲ್ಲಿ ಗೇಟು ತೆಗೆದರೆ ಉಬ್ಬರ, ಹಾಕಿದರೆ ಇಳಿತ.
ಚಂದ್ರನ ಬದಲು ಇಂಜಿನಿಯರು, ಅಷ್ಟೇ.

ಉಳಿದಂತೆ ಸದ್ದಿಲ್ಲ.
ಇಬ್ಬರ ಅನ್ನಕ್ಕೆ ಕುಕ್ಕರು ಎಷ್ಟು ಸಲ ಕೂಗೀತು?
ಮಾತು ಮುರಿದ ಮನೆಯಿಂದ ಎರಡು ಸೂಟ್‌ಕೇಸು ಹೊತ್ತು
ಬಂದವಳಿಗೆ ಕೇಳುವವರಿಲ್ಲದ ಬೀದಿ ಬೇಕಿತ್ತು.
ಇಲ್ಲಿ ಎಲ್ಲರೂ ಕೇಳಿದರು.
ಹೇಳಿ ಮುಗಿಸುವಷ್ಟರಲ್ಲಿ ಮರೆತರು.
ಮರುದಿನ ಮತ್ತೆ ಕೇಳಿದರು.

ಪುನರ್ವಸು ಕಳೆದು ಪುಷ್ಯ ಹುಟ್ಟಿದ ರಾತ್ರಿ
ಒಂಬತ್ತೂವರೆಗೆ ಖಾರ್ವಿಯವರು ಗೇಟು ಬಡಿದರು:
ಮಂಟಪ ಮುಳುಗಿತು.
ಶಿವಮೊಗ್ಗದಲ್ಲಿ ಈ ಎರಡು ಮಾತಿಗೆ ಅರ್ಥ ಹೇಳಬೇಕಿಲ್ಲ.

ಆಮೇಲೆ ನೋಡಬೇಕಿತ್ತು ನೀವು.
ಟೀಚರು ಟಾರ್ಚು ಹಿಡಿದು ಹಾಜರಿ ಕರೆದರು, ಮನೆ ನಂಬರಿನ ಪ್ರಕಾರ.
ಎಪ್ಪತ್ತೆಂಟರ ತಹಸೀಲ್ದಾರರು ಕೊಡೆಯ ಕೆಳಗೆ ಕೈಯೆತ್ತಿ
ಬಂದಿದೀನಿ ಮಿಸ್, ಅಂದರು.
ವಾಜಿದ್ ಸಾಬರು ಮನೆಮನೆಯ ಫ್ಯೂಸು ಕಿತ್ತು ಜೇಬಿಗಿಳಿಸಿದರು.
ಎಕ್ಸ್‌ಚೇಂಜಿನ ಸರ್ವಮಂಗಳಮ್ಮ ಮೂರು ಮೊಬೈಲು ಮುಂದಿಟ್ಟುಕೊಂಡು
ಕತ್ತಲಲ್ಲಿ ಲೈನು ಕೊಡುತ್ತಿದ್ದರು.
ಎಲ್ಲಿಂದಲೋ ಒಂದು ಶಾಲೆ ವ್ಯಾನು ತಂದ ಹುಚ್ಚರಾಯಪ್ಪ
ಹತ್ತಿ ಹತ್ತಿ, ಒಳಗೆ ನಡೀರಿ, ಹಿಂದೆ ಜಾಗ ಇದೆ!
ಆ ರಾತ್ರಿ ಯಾರ ಮಂಡಿಯೂ ನೋಯಲಿಲ್ಲ.
ಐಸ್ ಡಬ್ಬಿಯಲ್ಲಿ ಹನ್ನೊಂದು ಮನೆಯ ಇನ್ಸುಲಿನ್ ತುಂಬಿಕೊಂಡು
ಬಾಗಿಲ ಮೆಟ್ಟಿಲಲ್ಲಿ ನಾನು, ಕಂಡಕ್ಟರು.

ನೀರು ಮೊದಲ ಮನೆಯ ಮೂರನೇ ಮೆಟ್ಟಿಲಿಗೆ ಬಂದು
ಏನೋ ಮರೆತವರ ಹಾಗೆ ಅಲ್ಲೇ ನಿಂತು
ಹಿಂದೆ ಹೋಯಿತಂತೆ.
ಕಲ್ಯಾಣ ಮಂದಿರದ ಜಮಖಾನೆಗೆ ಬೆಳಗಿನ ಜಾವ ಸುದ್ದಿ ಬಂದಾಗ
ಒಬ್ಬರೂ ಸದ್ಯ ಅನ್ನಲಿಲ್ಲ.
ಇಷ್ಟೇನಾ, ಅಂದರು ಹುಚ್ಚರಾಯಪ್ಪ.
ವ್ಯಾನಿನ ಕೀ ಇನ್ನೂ ಬೆರಳಲ್ಲೇ ಇತ್ತು.

ಈಗ ಮತ್ತೆ ಆರೂಕಾಲು.
ಗೇಟುಗಳ ಮೇಲೆ ಕೆಸರಿನ ಗೆರೆ, ಯಾರೂ ಒರೆಸಿಲ್ಲ.
ವಾಜಿದ್ ಸಾಬರ ಜೇಬಲ್ಲಿ ಯಾರದೋ ಒಂದು ಫ್ಯೂಸು ಉಳಿದಿದೆ,
ಯಾರೂ ಕೇಳಿಲ್ಲ.
ಪಟ್ಟಿ ಬಿಗಿದು ನರ ತಡಕುತ್ತಿರುವಾಗ ಖಾರ್ವಿಯವರು
ಅಡುಗೆಮನೆಗೆ ಕೇಳಿಸದಂತೆ, ತೀರಾ ಮೆಲ್ಲಗೆ:
ಗಾಜನೂರಲ್ಲಿ ನಿನಗೆ
ಇಂಜಿನಿಯರು ಯಾರಾದರೂ ಪರಿಚಯವೇನೇ?